ಪಾಠಶಾಲೆಯಲ್ಲಿ ಪೀಡೆಗೊಳಗಾಗುವ ಮಗುವನ್ನು ಕಾಯುವ ಹೊಣೆ ಯಾರದು?



ಬೇಸಿಗೆಯ ರಜೆ ತೀರಿ ಶಾಲೆಗಳ ಬಾಗಿಲು ತೆರೆಯುವಾಗ ನಮ್ಮ ಊರುಗಳಲ್ಲಿ ಒಂದು ಸಂಗತಿಯನ್ನು ಕಾಣುತ್ತೇವೆ. ಹೆಚ್ಚಿನ ಮಕ್ಕಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ಓಡುತ್ತಾ ಹೋಗುತ್ತಾರೆ. ಒಂದೆರಡು ಮಕ್ಕಳು ಮಾತ್ರ ಹೊಟ್ಟೆನೋವೆಂದು ಹೇಳಿ ಚಾಪೆಯ ಮೇಲೆ ಮುದುರಿ ಮಲಗುತ್ತಾರೆ. ತಾಯಿಯು ಓಮದ ನೀರನ್ನು ಕುಡಿಸುತ್ತಾಳೆ. ತಂದೆಯು ಮೈಗಳ್ಳತನವೆಂದು ಗದರಿಸುತ್ತಾನೆ. ಶಾಲೆಯ ಗಂಟೆ ಹೊಡೆದು ಅರ್ಧ ತಾಸಾದ ಮೇಲೆ ನೋವು ತಾನಾಗಿ ಇಳಿಯುತ್ತದೆ. ಆಗ ನಾವು, ಇದು ಸುಳ್ಳು ನೋವೆಂದು ತೀರ್ಮಾನಿಸುತ್ತೇವೆ. ಆದರೆ ನೋವಿನ ಸ್ಥಳವನ್ನು ಮಗುವು ತಪ್ಪಾಗಿ ಹೇಳಿರಬಹುದೇ ಹೊರತು, ನೋವಿಲ್ಲವೆಂದು ನಾವು ಹೇಗೆ ಬಲ್ಲೆವು?

ಜೊತೆಯ ಮಕ್ಕಳ ಕಾಟಕ್ಕೂ ಅಣಕಕ್ಕೂ ಹೆದರಿ ಶಾಲೆಯನ್ನು ಬಿಡುವ ಮಗುವಿನ ವಿಷಯವನ್ನು ಈ ಪಾಠದಲ್ಲಿ ವಿಚಾರಿಸೋಣ. ಅದನ್ನು ಕಾಯುವ ಹೊಣೆ ಯಾರದು ಎಂಬದೇ ನಮ್ಮ ಪ್ರಶ್ನೆ.

1. ನಾವು ಕಂಡ ಒಂದು ಸಂಗತಿ

ಹೊಸಪೇಟೆ, ಸಂಡೂರು, ಕಂಪ್ಲಿಗಳ ನಡುವಣ ಒಂದು ಊರಿನಲ್ಲಿ ಇದು ನಡೆಯಿತು. ಊರಿನ ಹೆಸರನ್ನೂ ಶಾಲೆಯ ಹೆಸರನ್ನೂ ಹೇಳೆವು. ಯಾಕಂದರೆ ಆ ಹುಡುಗಿ ಈಗಲೂ ನಮ್ಮ ನಡುವೆ ಬಾಳುತ್ತಿದ್ದಾಳೆ. ಅವಳ ತಾಯಿಯನ್ನು ಚಿಕ್ಕಂದಿನಲ್ಲೇ ದೇವದಾಸಿಯಾಗಿ ಬಿಟ್ಟಿದ್ದರು. ಅಂಥ ಬಿಡುವಿಕೆಯನ್ನು 1982ರ ಕಾಯಿದೆಯು ನಿಷೇಧಿಸಿದ್ದಾಗ್ಯೂ ನಮ್ಮ ಸೀಮೆಯಲ್ಲಿ ಅದರ ಗಾಯವು ಇನ್ನೂ ಮಾಯಲಿಲ್ಲ. ಹುಡುಗಿಯು ಆರನೆಯ ತರಗತಿಯಲ್ಲಿದ್ದಾಗ ಒಂದು ದಿನ ಉಪಾಧ್ಯಾಯರು ಯಾವದೋ ನಮೂನೆಯನ್ನು ತುಂಬಿಸುವದಕ್ಕಾಗಿ ಎಲ್ಲಾ ಮಕ್ಕಳ ತಂದೆಯ ಹೆಸರನ್ನು ಗಟ್ಟಿಯಾಗಿ ಕೇಳುತ್ತಾ ಬಂದರು. ಅವಳ ಸರದಿ ಬಂದಾಗ ಅವಳು ಎದ್ದು ನಿಂತು ಸುಮ್ಮನಿದ್ದಳು. ಹಿಂದಿನಿಂದ ಒಬ್ಬ ಹುಡುಗನು, “ಖಾಲಿ ಬಿಡಿರಿ ಸಾರ್” ಎಂದನು. ತರಗತಿ ನಕ್ಕಿತು. ಉಪಾಧ್ಯಾಯರೂ ಸ್ವಲ್ಪ ನಕ್ಕು ಮುಂದಿನ ಹೆಸರಿಗೆ ಹೋದರು.

ಆ ದಿನದಿಂದ ಅವಳ ಹೆಸರು ಖಾಲಿ ಎಂದಾಯಿತು. ಊಟದ ಸಾಲಿನಲ್ಲಿ ಖಾಲಿ, ಆಟದ ಬಯಲಿನಲ್ಲಿ ಖಾಲಿ, ಅವಳ ಪುಸ್ತಕದ ಹೊದಿಕೆಯ ಮೇಲೆ ಮಸಿಯಿಂದ ಬರೆದ ಖಾಲಿ. ಒಂದು ಸಾಯಂಕಾಲ ಪ್ರಾರ್ಥನೆ ಮುಗಿದ ಮೇಲೆ ಅವಳು ಹಿಂದೆ ಉಳಿದು ನಮಗೆ ಇದನ್ನು ಹೇಳಿದಳು. ನಾವು ಏನು ಮಾಡಿದೆವು? “ತಾಳಿಕೋ ಮಗಳೇ, ದೊಡ್ಡವಳಾದ ಮೇಲೆ ಎಲ್ಲಾ ಸರಿಯಾಗುವದು” ಎಂದು ತಲೆಯ ಮೇಲೆ ಕೈಯಿಟ್ಟು ಕಳುಹಿಸಿದೆವು. ದಸರೆಯ ರಜೆಯಾದ ಮೇಲೆ ಅವಳು ಶಾಲೆಗೆ ಹೋಗಲಿಲ್ಲ. ತಾಯಿಯ ಸಂಗಡ ಮೆಣಸಿನಕಾಯಿ ಬಿಡಿಸುವದಕ್ಕೆ ಹೋದಳು. ಆಗ ನಾವು ಮುಖ್ಯೋಪಾಧ್ಯಾಯರನ್ನು ಕೇಳಿದೆವು. ಅವರು, “ನಮಗೆ ಯಾವ ದೂರೂ ಬರಲಿಲ್ಲ” ಎಂದರು. ಅವರ ಮಾತು ಸತ್ಯವಾಗಿತ್ತು. ದೂರು ನಮ್ಮ ತನಕ ಬಂದು ನಮ್ಮಲ್ಲಿಯೇ ನಿಂತಿತ್ತು.

2. ಪೀಡೆಯೆಂದರೆ ಯಾವದು?

ಮಕ್ಕಳು ಜಗಳಾಡುವದೆಲ್ಲಾ ಪೀಡೆಯಲ್ಲ. ಸಮಬಲದ ಇಬ್ಬರು ಗೋಲಿಯಾಟದಲ್ಲಿ ಗುದ್ದಾಡಿ ಸಂಜೆಗೆ ಒಂದಾಗುವರು. ನಾರ್ವೆ ದೇಶದಲ್ಲಿ ಡಾನ್ ಓಲ್ವಿಯಸ್ ಎಂಬ ವಿದ್ವಾಂಸರು 1970ರ ದಶಕದಿಂದ ಈ ವಿಷಯವನ್ನು ಅಭ್ಯಾಸಮಾಡಿ ಮೂರು ಗುರುತುಗಳನ್ನು ಹೇಳಿದರು. ಮೊದಲನೆಯದು, ನೋಯಿಸಬೇಕೆಂಬ ಮನಸ್ಸು. ಎರಡನೆಯದು, ಅದು ಮತ್ತೆ ಮತ್ತೆ ನಡೆಯುವದು. ಮೂರನೆಯದು, ನೋಯಿಸುವವನಿಗೆ ಬಲ ಹೆಚ್ಚು, ನೋಯುವವನಿಗೆ ಬಲ ಕಡಿಮೆ. ಆ ಬಲವು ತೋಳಿನದೇ ಆಗಬೇಕೆಂದಿಲ್ಲ. ಜಾತಿಯ ಬಲವುಂಟು, ಹಣದ ಬಲವುಂಟು, ಒಂದೇ ಭಾಷೆಯನ್ನಾಡುವ ಹತ್ತು ಮಂದಿಯ ಬಲವುಂಟು. ನಮ್ಮ ಹುಡುಗಿಯ ಮೈಯನ್ನು ಯಾರೂ ಮುಟ್ಟಲಿಲ್ಲ. ಒಂದೇ ಶಬ್ದ ಸಾಕಾಯಿತು.

ನಮ್ಮ ಸೀಮೆಯಲ್ಲಿ ಇಂಥ ಶಬ್ದಗಳಿಗೆ ಬರವಿಲ್ಲ. ಸಂಡೂರಿನ ಗಣಿಗಳ ಅದಿರನ್ನು ತುಂಬುವ ತಂದೆಯ ಮಗನು ಕೆಂಪು ಧೂಳಿನ ಅಂಗಿಯಲ್ಲಿ ಬಂದರೆ ಅದಕ್ಕೊಂದು ಹೆಸರು. ತಾಂಡಾದ ಮಗುವು ಲಂಬಾಣಿ ನುಡಿಯಲ್ಲಿ ತಮ್ಮನನ್ನು ಕರೆದರೆ ಅದಕ್ಕೊಂದು ಹೆಸರು. ತೋರಣಗಲ್ಲಿನ ಉಕ್ಕಿನ ಕಾರಖಾನೆಯ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರ ಮಕ್ಕಳಿಗೆ ಕನ್ನಡ ತಡವರಿಸಿದರೆ ಅದಕ್ಕೊಂದು ಹೆಸರು. ಕಂಪ್ಲಿಯ ಕಡೆ ಕಬ್ಬು ಕಡಿಯುವವರ ಮಗುವು ವರುಷದ ನಡುವೆ ಸೇರಿದರೆ ಅದಕ್ಕೊಂದು ಹೆಸರು. 2011ರಲ್ಲಿ ಹಂಪಿಯ ಬಜಾರಿನ ಮನೆಗಳನ್ನು ತೆರವು ಮಾಡಿಸಿದಾಗ ನೆಲೆ ತಪ್ಪಿದ ಮನೆಗಳವರನ್ನು ನೆನೆಯಿರಿ. ಹಾಗೆ ಹೊಸ ಸ್ಥಳಕ್ಕೆ ಹೋಗಿ ಗೆಳೆಯರಿಲ್ಲದೆ ನಿಲ್ಲುವ ಮಗುವೇ ಅಣಕಿಸುವವರಿಗೆ ಮೊದಲು ಕಾಣುತ್ತದೆ. 2021ರ ಡಿಸೆಂಬರಿನಲ್ಲಿ ವಿಜಯನಗರ, ಬಳ್ಳಾರಿ ಮೊದಲಾದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದರು, ತಿನ್ನದವರಿಗೆ ಬಾಳೆಹಣ್ಣು. ಹಿರಿಯರು ಅದರ ಮೇಲೆ ವಾದಿಸಿದ್ದನ್ನು ಮಕ್ಕಳು ಕೇಳಿದರು. ಹೀಗೆ ಅಂಗಳದಲ್ಲಿ ನಾವಾಡಿದ ಮಾತು ಮರುದಿನ ತರಗತಿಯಲ್ಲಿ ಅಡ್ಡಹೆಸರಾಗುತ್ತದೆ.

ಇನ್ನೊಂದು ಮಾತನ್ನು ಮರೆಮಾಡದೆ ಹೇಳಬೇಕು. ಕುಲ ಬಿಟ್ಟವರು, ಮತ ಕೆಟ್ಟವರು ಎಂದು ನಮ್ಮ ಮಕ್ಕಳು ಅನ್ನಿಸಿಕೊಂಡದ್ದುಂಟು. ಆದರೆ ನಮ್ಮ ಮಕ್ಕಳು ತಮಗಿಂತ ಬಡವನನ್ನೂ ಕುಂಟುವವನನ್ನೂ ತೊದಲುವವನನ್ನೂ ಅಣಕಿಸಿದ್ದೂ ಉಂಟು. ಅದನ್ನು ಕೇಳಿದಾಗ ನಾವು ಮಕ್ಕಳಾಟವೆಂದು ನಕ್ಕೆವು.

3. ಮಗುವು ಯಾಕೆ ಹೇಳುವದಿಲ್ಲ?

ಮಗುವಿಗೆ ಮೂರು ಭಯಗಳಿರುತ್ತವೆ. ಹೇಳಿದರೆ ನಾಳೆ ಕಾಟವು ಇಮ್ಮಡಿಯಾದೀತೆಂಬ ಭಯ. “ನೀನು ಏನು ಮಾಡಿದ್ದಿ?” ಎಂದು ಹಿರಿಯರು ತನ್ನನ್ನೇ ಕೇಳುವರೆಂಬ ಭಯ. ತನ್ನ ತಾಯಿತಂದೆಗಳ ಮಾನವು ಬೀದಿಗೆ ಬರುವದೆಂಬ ಭಯ. ಈ ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ನಮ್ಮ ಹುಡುಗಿಯು ತಾಯಿಗೆ ಒಂದು ಮಾತನ್ನೂ ಹೇಳಿರಲಿಲ್ಲ. ಹೇಳಿದರೆ ತಾಯಿಯ ಬಾಳನ್ನೇ ಎತ್ತಿ ಆಡಿದಂತಾಗುವದೆಂದು ಆ ಹನ್ನೊಂದು ವರುಷದವಳು ಬಲ್ಲವಳಾಗಿದ್ದಳು.

ಆದದರಿಂದ, ದೂರು ಬರಲಿಲ್ಲವೆಂಬದು ಪೀಡೆ ಇಲ್ಲವೆಂಬದಕ್ಕೆ ಸಾಕ್ಷಿಯಲ್ಲ. ಹಲವು ಸಾರಿ ಅದು ಪೀಡೆಯು ಚೆನ್ನಾಗಿ ಬೇರೂರಿದೆ ಎಂಬದಕ್ಕೇ ಸಾಕ್ಷಿ. ಈ ಪಾಠದಲ್ಲಿ ಬೇರೆಲ್ಲವನ್ನು ಮರೆತರೂ ಇದೊಂದನ್ನು ಮರೆಯಬೇಡಿರಿ. ಕಾಯಬೇಕಾದವನು ಕೂಗಿಗಾಗಿ ಕಾದು ಕೂಡ್ರುವವನಲ್ಲ, ಕಣ್ಣಿಟ್ಟು ನೋಡುವವನು.

4. ಶಾಲೆಯ ಹೊಣೆ

6ರಿಂದ 14 ವರುಷದ ಮಗುವನ್ನು ಶಾಲೆಗೆ ಸೇರಿಸುವದು ತಾಯಿತಂದೆಗಳ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಹೇಳುತ್ತದೆ. ಅದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮಗುವು ಬರಲೇಬೇಕೆಂದು ಕರೆದವರು, ಬಂದ ಮಗುವನ್ನು ಕಾಯಲೇಬೇಕಲ್ಲವೋ? ಕುರಿಗಳನ್ನು ಹಟ್ಟಿಗೆ ಕೂಡಿ ಬಾಗಿಲಿಕ್ಕಿದವನು, ಒಳಗೆ ಹಾಯುವ ಟಗರು ನನ್ನದಲ್ಲವೆಂದು ಹೇಳಲಾರನು.

ಕಾಯಿದೆಯೂ ಹಾಗೆಯೇ ಹೇಳುತ್ತದೆ. ಅದರ 17ನೆಯ ಕಲಮಿನ ಪ್ರಕಾರ ಯಾವ ಮಗುವಿಗೂ ದೇಹದಂಡನೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡಕೂಡದು. ದುರ್ಬಲ ವರ್ಗದ ಮಕ್ಕಳಿಗೆ ಭೇದ ಮಾಡಿ ಅವರ ಓದನ್ನು ತಡೆಯದಂತೆ ನೋಡಿಕೊಳ್ಳುವದು ಸರಕಾರದ ಮತ್ತು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಅದೇ ಕಾಯಿದೆ ವಿಧಿಸಿದೆ. 1995ರಲ್ಲಿ ಜಾರಿಗೆ ಬಂದ 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ರ್‍ಯಾಗಿಂಗ್ ಎಂಬ ಶಬ್ದಕ್ಕೆ ಅರ್ಥ ಹೇಳುವಾಗ, ವಿದ್ಯಾರ್ಥಿಯ ಮಾನಕ್ಕೆ ಕುಂದು ತರುವ ಕೃತ್ಯವು ತಮಾಷೆಯ ರೂಪದಲ್ಲಿದ್ದರೂ ಅದನ್ನು ಸೇರಿಸುತ್ತದೆ. ತಮಾಷೆಗೆ ಮಾಡಿದೆವೆಂಬದು ಕಾಯಿದೆಯ ಮುಂದೆ ನೆಪವಾಗದು. 2021ರಲ್ಲಿ ಕೇಂದ್ರದ ಶಿಕ್ಷಣ ಮಂತ್ರಾಲಯವು ಶಾಲಾಸುರಕ್ಷತೆಯ ಮಾರ್ಗಸೂಚಿಯನ್ನು ಹೊರಡಿಸಿ, ಸರಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಶಾಲೆಯ ಆಡಳಿತದವರೇ ಉತ್ತರವಾದಿಗಳೆಂದು ಗೊತ್ತುಮಾಡಿತು.

ಆದರೆ ಶಾಲೆಯೇ ಪೀಡೆಯ ಮೊದಲ ಗುರುವಾದರೆ ಏನು ಹೇಳೋಣ? 1900ರ ಸುಮಾರಿಗೆ ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಅಂಬೇಡ್ಕರರು ಮನೆಯಿಂದ ತಂದ ಗೋಣಿಯ ತುಂಡಿನ ಮೇಲೆ ಬೇರೆ ಕೂಡ್ರಬೇಕಾಗಿತ್ತು. ಶಾಲೆಯ ಜವಾನನು ಇದ್ದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಅದು ಹುಡುಗರು ಕಟ್ಟಿದ ಕಟ್ಟಳೆಯಲ್ಲ, ಹಿರಿಯರದು. ನಮ್ಮ ನಾಡಿನ ಅರವಿಂದ ಮಾಲಗತ್ತಿಯವರು 1994ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ‘ಗವರ್ನಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟರು. ಸರಕಾರದ ಸಹಾಯ ಪಡೆಯುವ ದಲಿತರನ್ನು ಅಣಕಿಸುವ ಮಾತನ್ನೇ ಅವರು ಪುಸ್ತಕದ ಹಣೆಯ ಮೇಲೆ ಬರೆದರು. ಇವು ಹಳೆಯ ಕಾಲದ ಸಂಗತಿಗಳೆಂದು ತಿಳಿಯಬೇಡಿರಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಯ ಶುಚಿಗೆ ಇಳಿಸಿದ ಸಂಗತಿಯು ಹೊರಬಿದ್ದು, ಹೊಣೆಗಾರರ ಮೇಲೆ ಮೊಕದ್ದಮೆ ನಡೆಯಿತು. ಉಪಾಧ್ಯಾಯನು ಯಾವ ಮಗುವನ್ನು ಹೀನವಾಗಿ ಕಾಣುವನೋ, ತರಗತಿಯು ಅದನ್ನು ಆಟದ ಬಯಲಿನಲ್ಲಿ ಹೀನವಾಗಿ ಕಾಣುವದು.

ನಮ್ಮ ಹುಡುಗಿಯ ಸಂಗತಿಯಲ್ಲಿಯೂ ಹಾಗೆಯೇ ಆಯಿತು. ಆ ಹುಡುಗನು ಆಡಿದ ಮಾತಿಗಿಂತ ಮುಂಚೆ ಆ ಪ್ರಶ್ನೆ ಬಂತು. ಆ ಮಾತಿನ ಬಳಿಕ ಉಪಾಧ್ಯಾಯರ ನಗೆ ಬಂತು. ಪ್ರಶ್ನೆಯನ್ನು ಒಬ್ಬೊಬ್ಬರನ್ನಾಗಿ ಕರೆದು ಮೆಲ್ಲನೆ ಕೇಳಬಹುದಾಗಿತ್ತು. ನಗುವ ಬದಲಿಗೆ ಪುಸ್ತಕವನ್ನು ಮುಚ್ಚಿ, “ಇಲ್ಲಿ ಹೀಗೆ ಆಡತಕ್ಕದ್ದಲ್ಲ” ಎಂದು ಒಂದು ಮಾತು ಹೇಳಿದ್ದರೆ ಆ ಹೆಸರು ಹುಟ್ಟಿದ ಕ್ಷಣದಲ್ಲಿಯೇ ಸತ್ತುಹೋಗುತ್ತಿತ್ತು. 2025ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲವು ದೇವದಾಸಿಯರ ವಿಷಯವಾಗಿ ಹೊಸ ಮಸೂದೆಯನ್ನು ಅಂಗೀಕರಿಸಿ, ಅವರ ಮಕ್ಕಳು ತಂದೆಯ ಹೆಸರನ್ನು ಹೇಳಲೇಬೇಕೆಂಬ ಬಲವಂತವನ್ನು ತೆಗೆಯಲು ಮುಂದಾಯಿತು. ಕಾಯಿದೆ ನಮೂನೆಯನ್ನು ತಿದ್ದಬಲ್ಲದು. ನಗೆಯನ್ನು ಉಪಾಧ್ಯಾಯನೇ ತಿದ್ದಿಕೊಳ್ಳಬೇಕು.

5. ಬೇರೆ ದೇಶಗಳು ಕಲಿತ ಪಾಠ

1982ರ ಕೊನೆಯಲ್ಲಿ ನಾರ್ವೆ ದೇಶದ ಉತ್ತರ ಭಾಗದಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಜೊತೆಗಾರರ ಕಾಟವೇ ಕಾರಣವೆಂದು ಜನರು ತಲ್ಲಣಿಸಿದರು. 1983ರಲ್ಲಿ ಅಲ್ಲಿಯ ಸರಕಾರವು ದೇಶದ ಶಾಲೆಗಳಲ್ಲೆಲ್ಲಾ ಚಳವಳಿಯನ್ನು ನಡಿಸಿತು. ಮೇಲೆ ಹೇಳಿದ ಓಲ್ವಿಯಸರು ಬರ್ಗನ್ ಪಟ್ಟಣದ 42 ಶಾಲೆಗಳ ಸುಮಾರು 2,500 ಮಕ್ಕಳಲ್ಲಿ ಎರಡು ವರುಷ ಪರಿಶೋಧಿಸಿದರು. ಉಪಾಯಗಳು ದೊಡ್ಡವಲ್ಲ. ಹೆಸರು ಬರೆಯದ ಪ್ರಶ್ನಪತ್ರದಿಂದ ಮಕ್ಕಳನ್ನು ಕೇಳುವದು. ಬಿಡುವಿನ ವೇಳೆಯಲ್ಲಿ ದೊಡ್ಡವರು ಬಯಲಿನಲ್ಲಿ ನಿಲ್ಲುವದು. ತರಗತಿಯಲ್ಲಿ ಎಲ್ಲರೂ ಕೂಡಿ ನಿಯಮ ಮಾಡುವದು. ಕಾಟ ಕೊಟ್ಟವನೊಡನೆಯೂ ಅವನ ತಾಯಿತಂದೆಗಳೊಡನೆಯೂ ಗಂಭೀರವಾಗಿ ಮಾತಾಡುವದು. ಇದರಿಂದ ಪೀಡೆಯು ಸುಮಾರು ಅರ್ಧಕ್ಕೆ ಇಳಿಯಿತು. ಇವುಗಳಲ್ಲಿ ನಮ್ಮ ಹಳ್ಳಿಯ ಶಾಲೆಗೆ ಅಸಾಧ್ಯವಾದದ್ದು ಯಾವದು?

ಜಪಾನ್ ದೇಶದ ಓತ್ಸು ಪಟ್ಟಣದಲ್ಲಿ 2011ರಲ್ಲಿ 13 ವರುಷದ ಹುಡುಗನೊಬ್ಬನು ಹೀಗೆಯೇ ತೀರಿಹೋದನು. ಶಾಲೆಯು ಮಕ್ಕಳನ್ನು ಕೇಳಿ ಉತ್ತರಗಳನ್ನು ಬರೆಯಿಸಿಕೊಂಡಿತ್ತು. ಆದರೆ ಆ ಉತ್ತರಗಳ ಬೆನ್ನು ಹತ್ತಲಿಲ್ಲ. ಜನರು ರೊಚ್ಚಿಗೆದ್ದ ಮೇಲೆ 2013ರಲ್ಲಿ ಅಲ್ಲಿ ಹೊಸ ಕಾಯಿದೆಯಾಗಿ, ಪ್ರತಿ ಶಾಲೆಯೂ ಪೀಡೆಯನ್ನು ತಡೆಯುವ ಕ್ರಮವನ್ನು ಬರೆದಿಟ್ಟು ಅದಕ್ಕಾಗಿ ಮಂಡಲಿಯನ್ನು ನೇಮಿಸಬೇಕೆಂದು ವಿಧಿಸಿತು. ಕೇಳಿಕೊಂಡು ಸುಮ್ಮನಿರುವದು ಕೇಳದಿರುವದಕ್ಕಿಂತ ಉತ್ತಮವಲ್ಲವೆಂಬದು ಇದರ ಪಾಠ. ಇದನ್ನು ಬರೆಯುವಾಗ ನಮ್ಮ ಕೈ ಸ್ವಲ್ಪ ತಡೆಯುತ್ತದೆ. ಯಾಕಂದರೆ ನಾವೂ ಕೇಳಿಕೊಂಡು ಸುಮ್ಮನಿದ್ದವರೇ.

6. ನಾವು ಮಾಡತಕ್ಕದ್ದು

ಮೊದಲನೆಯದು, ಮಗುವನ್ನು ಕೇಳುವದು. “ಇವತ್ತು ಏನು ಕಲಿತಿ?” ಎಂದು ಮಾತ್ರವಲ್ಲ, “ಯಾರ ಸಂಗಡ ಕೂತು ಉಂಡಿ?” ಎಂದೂ ಕೇಳಿರಿ. ಒಂಟಿಯಾಗಿ ಉಣ್ಣುವ ಮಗುವಿನ ಉತ್ತರದಲ್ಲಿ ಎಲ್ಲವೂ ತಿಳಿಯುವದು. ಹೇಳಿದ ಮೇಲೆ, ನಿನ್ನ ತಪ್ಪಲ್ಲವೆಂದು ಮೊದಲು ಹೇಳಿರಿ. ತಾಳಿಕೋ ಎಂದು ಹೇಳಬೇಡಿರಿ. ತಾಳ್ಮೆಯು ದೊಡ್ಡವರು ತಮಗಾಗಿ ಆರಿಸಿಕೊಳ್ಳುವ ಗುಣ. ಮಗುವಿನ ಮೇಲೆ ಹೊರಿಸಿ ನಮ್ಮ ಹೊಣೆಯನ್ನು ಇಳಿಸಿಕೊಳ್ಳುವ ಸಾಧನವಲ್ಲ.

ಎರಡನೆಯದು, ಶಾಲೆಗೆ ಹೋಗುವದು. ಗುಂಪು ಕಟ್ಟಿಕೊಂಡು ಜಗಳಕ್ಕಲ್ಲ. ತಾಯಿತಂದೆಗಳೂ ಜೊತೆಗೊಬ್ಬ ಹಿರಿಯರೂ ಸಾಕು. ಯಾವ ದಿನ, ಎಲ್ಲಿ, ಏನು ನಡೆಯಿತೆಂದು ಒಂದು ಕಾಗದದಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಮುಟ್ಟಿದ್ದಕ್ಕೆ ರುಜು ತೆಗೆದುಕೊಳ್ಳಿರಿ. ಓದುಬರಹ ಬಾರದವರಿಗೆ ಸಭೆಯ ಉಪದೇಶಕನು ಬರೆದುಕೊಡಲಿ.

ಮೂರನೆಯದು, ಕಾಟ ಕೊಟ್ಟ ಹುಡುಗನನ್ನು ಹೊಡೆಯಿರೆಂದು ಕೇಳಬಾರದು. ಬೆತ್ತವನ್ನು ಕಾಯಿದೆಯು ನಿಷೇಧಿಸಿದೆ. ಅದಲ್ಲದೆ ಏಟು ತಿಂದವನು ಆ ಏಟನ್ನು ತನಗಿಂತ ಚಿಕ್ಕವನಿಗೆ ದಾಟಿಸುವನು. ಅವನೂ ಮಗುವೇ. ಅವನ ಮನೆಯಲ್ಲಿ ಏನು ನಡೆಯುತ್ತದೋ ವಿಚಾರಿಸಬೇಕು, ಮಾಡಿದ್ದು ತಪ್ಪೆಂದು ಅವನು ತಿಳಿಯಬೇಕು, ಕೆಡಿಸಿದ್ದನ್ನು ಸರಿಪಡಿಸಬೇಕು.

ನಾಲ್ಕನೆಯದು, ನಮ್ಮ ಸ್ಥಾನಗಳನ್ನು ಖಾಲಿ ಬಿಡದಿರುವದು. 2001ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳುಂಟು. ಅದರಲ್ಲಿ ತಾಯಿತಂದೆಗಳಿಗೆ ಸ್ಥಾನವುಂಟು. ಕೂಲಿಯ ದಿನ ಹಾಳಾಗುವದೆಂದು ನಾವು ಸಭೆಗೆ ಹೋಗದಿದ್ದರೆ ನಮ್ಮ ಮಕ್ಕಳ ಮಾತನ್ನು ಆಡುವವರು ಯಾರು? ಗ್ರಾಮ ಪಂಚಾಯತಿಯು ವರುಷಕ್ಕೊಮ್ಮೆ ಕರೆಯುವ ಮಕ್ಕಳ ಗ್ರಾಮಸಭೆಗೂ ಮಕ್ಕಳನ್ನು ಕಳುಹಿಸಿರಿ.

ಐದನೆಯದು, ಶಾಲೆಯವರು ಕೇಳದಿದ್ದರೆ ಮುಂದಕ್ಕೆ ಹೋಗುವದು. ಕ್ಷೇತ್ರ ಶಿಕ್ಷಣಾಧಿಕಾರಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಬರೆಯಬಹುದು. 2021ರಲ್ಲಿ ಜಿಲ್ಲೆ ಇಬ್ಭಾಗವಾದದ್ದರಿಂದ ಹೊಸಪೇಟೆ, ಹಂಪಿಗಳವರು ವಿಜಯನಗರ ಜಿಲ್ಲೆಗೂ, ಸಂಡೂರು, ಕಂಪ್ಲಿಗಳವರು ಬಳ್ಳಾರಿ ಜಿಲ್ಲೆಗೂ ಸೇರಿದವರೆಂದು ನೆನಪಿರಲಿ. ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಬರೆದುಕೊಟ್ಟ ದೂರು ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು. ಅವಸರವಾದರೆ 1098 ಎಂಬ ಮಕ್ಕಳ ಸಹಾಯವಾಣಿಯುಂಟು. ಹಗಲಿರುಳೂ ಕರೆಯಬಹುದು, ಹಣ ಬೇಡ. ಈ ಅಂಕೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ.

7. ಬಾವಿಯ ಬಳಿಗೆ ತಡವಾಗಿ ಬಂದವನು

ಯೋಸೇಫನ ಅಣ್ಣಂದಿರು ಅವನನ್ನು ಗುಂಡಿಗೆ ಹಾಕಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಹಿರಿಯನಾದ ರೂಬೇನನನ್ನು ನಾವು ಅಷ್ಟಾಗಿ ನೆನಸುವದಿಲ್ಲ. ಅವನು ಕೆಟ್ಟವನಲ್ಲ. ತಮ್ಮನನ್ನು ಆಮೇಲೆ ಬಿಡಿಸಿಕೊಂಡು ಹೋಗಬೇಕೆಂದು ಅವನ ಮನಸ್ಸಿನಲ್ಲಿತ್ತು. ಆದರೆ ಆ ಗಳಿಗೆಯಲ್ಲಿ ಕೊಲ್ಲಬೇಡಿರೆಂದನೇ ಹೊರತು ಗುಂಡಿಗೆ ಹಾಕುವದನ್ನು ತಡೆಯಲಿಲ್ಲ, ಎಲ್ಲಿಗೋ ಹೋದನು. ತಿರಿಗಿ ಬಂದಾಗ ಗುಂಡಿ ಬರಿದಾಗಿತ್ತು. ಆಗ ಅವನು ಬಟ್ಟೆಯನ್ನು ಹರಿದುಕೊಂಡನು. ಹರಿದ ಬಟ್ಟೆಯಿಂದ ತಮ್ಮನಿಗೆ ಪ್ರಯೋಜನವೇನು? ಒಳ್ಳೇ ಮನಸ್ಸಿದ್ದು ತಡಮಾಡುವ ಉಪಾಧ್ಯಾಯನೂ ಉಪದೇಶಕನೂ ತಂದೆಯೂ ರೂಬೇನನ ಸಾಲಿನವರೇ.

ನಮ್ಮ ಹುಡುಗಿಯ ಮಾತನ್ನು ಮುಗಿಸುವೆವು. ಎರಡು ವರುಷ ಅವಳು ಹೊಲಗಳಲ್ಲಿ ದುಡಿದಳು. ಆಮೇಲೆ ಹೆಣ್ಣುಮಕ್ಕಳ ಒಂದು ವಸತಿ ಶಾಲೆಗೆ ಅವಳನ್ನು ಸೇರಿಸಿದೆವು. ಅಲ್ಲಿಯ ಉಪಾಧ್ಯಾಯಿನಿಯು ಅವಳನ್ನು ಬದಿಗೆ ಕರೆದು ತಾಯಿಯ ಹೆಸರನ್ನು ಮಾತ್ರ ಕೇಳಿ ಬರೆದುಕೊಂಡರು. ಈಗ ಅವಳು ಓದುತ್ತಿದ್ದಾಳೆ. ಆ ಎರಡು ವರುಷಗಳನ್ನು ಮಾತ್ರ ಯಾರೂ ತಿರಿಗಿ ಕೊಡಲಿಲ್ಲ. ಅವು ಆ ಹುಡುಗನ ಲೆಕ್ಕಕ್ಕೆ ಸ್ವಲ್ಪ, ಶಾಲೆಯ ಲೆಕ್ಕಕ್ಕೆ ಬಹಳ, ನಮ್ಮ ಲೆಕ್ಕಕ್ಕೂ ಸ್ವಲ್ಪ ಬರೆಯಲ್ಪಟ್ಟಿವೆ ಎಂದು ತಿಳಿದುಕೊಂಡಿದ್ದೇವೆ.

ಸಂಜೆಯ ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಜಗಳಕ್ಕೂ ಪೀಡೆಗೂ ಇರುವ ಭೇದವೇನು?
2. ದೂರು ಬರಲಿಲ್ಲವೆಂಬ ಉತ್ತರವು ಯಾಕೆ ಸಾಲದು?
3. ನಮ್ಮ ಊರಿನ ಶಾಲೆಯಲ್ಲಿ ಒಂಟಿಯಾಗಿ ಉಣ್ಣುವ ಮಗು ಯಾವದು? ಅದನ್ನು ಕಂಡವರು ಯಾರು?
4. ನಮ್ಮ ಮನೆಯ ಮಕ್ಕಳು ಬೇರೆಯವರಿಗೆ ಇಟ್ಟಿರುವ ಅಡ್ಡಹೆಸರುಗಳು ಯಾವವು? ಅವುಗಳನ್ನು ಅವರು ಎಲ್ಲಿ ಕಲಿತರು?
5. ಶಾಲೆಯ ಸಮಿತಿಯ ಮುಂದಿನ ಸಭೆಗೆ ನಮ್ಮಲ್ಲಿ ಯಾರು ಹೋಗುವರು?

ಐದನೆಯ ಪ್ರಶ್ನೆಗೆ ಒಬ್ಬರ ಹೆಸರನ್ನು ಬರೆದ ಮೇಲೆಯೇ ಕೂಟವನ್ನು ಮುಗಿಸಿರಿ.